ಹೊನೋರಾಳ ಪುಟ

"ಆ ವರ್ಷದ ಮರಣದ ಪುಸ್ತಕ ಇಲ್ಲ."

ದಾಖಲೆ ಕೋಣೆಯ ಬ್ರೆಂಡನ್ ಟಯರ್ನಿ ಹೀಗೆಂದಾಗ ಅವಳ ಮುಖ ನೋಡಲಿಲ್ಲ. ಡೀಲಿಯಾ ಕ್ಯೂಸಾಕ್ ಒದ್ದೆ ಕೈಗವಸು ಕಳಚಿ ಅವನ ಮೇಜಿನ ಮೇಲಿಟ್ಟಳು.

"1847 ಇದೆ, 1849 ಇದೆ. ನಡುವಿನದ್ದು ಮಾತ್ರ ಹೇಗೆ ಕಾಣೆಯಾಯ್ತು?"

"ಹಳೇ ಕಾಗದ ಮೇಡಂ. ಹೋಗುತ್ತವೆ."

"ಮನುಷ್ಯರೂ ಹೋಗ್ತಾರೆ. ನಮ್ಮಮ್ಮ ರೋಸ್ಲೀನ್ ಹೋಗಿ ಒಂಬತ್ತು ದಿನ ಆಯ್ತು."

ಆಗ ಅವನು ತಲೆಯೆತ್ತಿದ. ಆ ಕಣ್ಣಲ್ಲಿದ್ದದ್ದು ಬರೀ ಅನುಕಂಪವಲ್ಲ... ಭಯ. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ನ್ಯೂ ಬ್ರನ್ಸ್‌ವಿಕ್‌ನ ಆ ಪುಟ್ಟ ಊರಲ್ಲಿ ಫೆಬ್ರವರಿಯಲ್ಲಿ ಗುಂಡಿ ತೋಡಲಾಗುವುದಿಲ್ಲ, ಹಿಮಕ್ಕೆ ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ರೋಸ್ಲೀನಳ ಶವಪೆಟ್ಟಿಗೆ ಚರ್ಚಿನ ಕಲ್ಲುಕೋಣೆಯಲ್ಲಿ ಮೇ ತಿಂಗಳಿಗಾಗಿ ಕಾಯುತ್ತಿತ್ತು. ಬರಗಾಲದಲ್ಲಿ ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಹೊನೋರಾಳೇ ಈ ಮನೆತನದ ಮೊದಲ ಹೆಂಗಸು. ಅವಳ ಪಕ್ಕದಲ್ಲೇ ಅಮ್ಮನನ್ನು ಮಲಗಿಸಬೇಕೆಂದು ಡೀಲಿಯಾಳ ಆಸೆ. ಆದರೆ ಹೊನೋರಾ ಸತ್ತದ್ದು 1848ರಲ್ಲಿ ಎಂಬುದು ಬಿಟ್ಟರೆ, ಅವಳ ಗೋರಿ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ಅಮ್ಮ, "ಸತ್ತವರನ್ನ ಕೆದಕಬೇಡ," ಎಂದು ಮಾತು ಮುರಿಯುತ್ತಿದ್ದಳು.

ಡೀಲಿಯಾಳಿಗೆ ಈಗ ತನ್ನವರೆನ್ನುವವರು ಯಾರೂ ಇಲ್ಲ. ಆರು ವರ್ಷದ ಹಿಂದೆ ಅವಳ ನಾಲ್ಕು ತಿಂಗಳ ಮಗು ಟೆಸ್ ಮಲಗಿದ್ದು ಮತ್ತೆ ಏಳಲೇ ಇಲ್ಲ. ಯಾರ ತಪ್ಪೂ ಅಲ್ಲ ಎಂದರು ವೈದ್ಯರು. ಊರು ಹಾಗೆನ್ನಲಿಲ್ಲ. ಗಂಡ ಏನೂ ಅನ್ನದೆ ಬಟ್ಟೆ ತುಂಬಿಕೊಂಡು ಹೊರಟುಹೋದ.

ಪುಸ್ತಕ ಇಲ್ಲವೆಂದರೂ ಅವಳು ಪ್ರತಿ ಗುರುವಾರ ದಾಖಲೆ ಕೋಣೆಗೆ ಬಂದಳು. ಬ್ರೆಂಡನ್ ಹಡಗಿನ ಪಟ್ಟಿ ತೆಗೆದುಕೊಟ್ಟ, ನಾಮಕರಣದ ಪುಸ್ತಕ ಓದಿಕೊಟ್ಟ, ಮಾಸಿದ ಅಕ್ಷರಗಳನ್ನು ಬಿಡಿಸಿ ಹೇಳಿದ.

"ಇಲ್ನೋಡಿ, ನಿಮ್ಮ ಹೊನೋರಾ! ವೃತ್ತಿ ಅನ್ನೋ ಕಡೆ 'ಜಗಳಗಂಟಿ' ಅಂತಿದೆ."

"ಸುಳ್ಳು. ಎಲ್ಲಿ?"

"ಇಲ್ಲ ಬಿಡಿ. ನಿಮ್ಮನ್ನ ನೋಡಿ ಊಹಿಸ್ದೆ."

ಅವಳು ನಕ್ಕಳು. ನಕ್ಕಿದ್ದಕ್ಕೆ ತಾನೇ ಬೆಚ್ಚಿದಳು... ನನಗಿನ್ನೂ ನಗು ಬರುತ್ತಾ?

ಏಪ್ರಿಲ್ ಬರುವಷ್ಟರಲ್ಲಿ 'ನೀವು' ಹೋಗಿ 'ನೀನು' ಆಗಿತ್ತು. ಆ ತಿಂಗಳ ಒಂದು ಗುರುವಾರ ಅವನಿಗೆ ಜ್ವರ. ಅವನ ಜಾಗದಲ್ಲಿ ವಯಸ್ಸಾದ ಅಗಾಥಾ ಕೂತಿದ್ದಳು.

"1848? ಅಲ್ಲೇ ಕಪಾಟಿನಲ್ಲಿದೆಯಲ್ಲಮ್ಮ. ಎಲ್ಲಿಗೆ ಹೋಗುತ್ತೆ ಅದು?"

ಡೀಲಿಯಾ ಪುಸ್ತಕ ಇಳಿಸಿ ಹೊನೋರಾಳ ಪುಟ ಹುಡುಕಿ ತೆಗೆದಳು.

'ಹೊನೋರಾ ಕ್ಯೂಸಾಕ್, ಇಪ್ಪತ್ತಮೂರು. ಹೆಣ್ಣುಕೂಸು ನಿದ್ರೆಯಲ್ಲಿ ಮೃತ. ತಾಯಿಯೇ ಉಸಿರುಗಟ್ಟಿಸಿದಳೆಂಬ ಶಂಕೆ. ಹಿರಿಮಗ ಅನಾಥಾಲಯಕ್ಕೆ. ವಿಚಾರಣೆಗೆ ಮುನ್ನವೇ ತಾಯಿ ಸೆರೆಮನೆಯಲ್ಲಿ ಜ್ವರದಿಂದ ಮೃತಳು. ಹೂಳಿದ್ದು ಚರ್ಚಿನ ಸ್ಮಶಾನದ ಗೋಡೆಯಾಚೆ, ಪವಿತ್ರವಲ್ಲದ ನೆಲದಲ್ಲಿ.'

ಪುಸ್ತಕದ ಕೊನೆಗೆ ಓದಿದವರ ಸಹಿಗಳಿದ್ದವು. ಕಡೆಯದು ರೋಸ್ಲೀನಳದು. ತಾರೀಖು, ಟೆಸ್ ಹೋದ ಮರುತಿಂಗಳು.

ಅವಳು ನೇರವಾಗಿ ಬ್ರೆಂಡನ್ ಮನೆಗೆ ನಡೆದಳು. ಕಂಬಳಿ ಹೊದ್ದೇ ಅವನು ಬಾಗಿಲು ತೆರೆದ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಇಷ್ಟು ದಿನ ನನ್ನೆದುರು ಕೂತು ಚಹಾ ಕುಡಿದೆ. ನಾನೂ ನನ್ನ ಮಗುವನ್ನ ಕೊಂದವಳು ಅಂದ್ಕೊಂಡ್ಯಾ, ಊರವರ ಹಾಗೆ?"

"ಇಲ್ಲ ಡೀಲಿಯಾ! ನಿಮ್ಮಮ್ಮ ಅದನ್ನ ಓದಿ ನನ್ನ ಕೈ ಹಿಡ್ಕೊಂಡ್ರು. 'ನನ್ನ ಮಗಳ ಕಣ್ಣಿಗೆ ಇದು ಬಿದ್ರೆ ಅವಳು ಉಳಿಯಲ್ಲಪ್ಪ' ಅಂದ್ರು. ಮಾತು ಕೊಟ್ಟುಬಿಟ್ಟೆ..."

"ಆ ಮಾತನ್ನ ನೀನೇ ಇಟ್ಕೋ."

ಮುಂದಿನ ಗುರುವಾರ ಅವಳು ಹೋಗಲಿಲ್ಲ. ಅದರ ಮುಂದಿನದ್ದಕ್ಕೂ.

ಮೇ ತಿಂಗಳಲ್ಲಿ ನೆಲ ಸಡಿಲವಾಯಿತು. ಗೋಡೆಗೆ ತಾಗಿದ ಜಾಗವನ್ನೇ ಕೇಳಿ ಡೀಲಿಯಾ ಅಮ್ಮನನ್ನು ಮಣ್ಣು ಮಾಡಿಸಿದಳು. ಗೋಡೆಯ ಒಳಗೆ ಅಮ್ಮ, ಆಚೆಗೆ ಎಲ್ಲೋ ಮುಳ್ಳುಪೊದೆಯಡಿ ಹೊನೋರಾ. ಬಂದಿದ್ದ ನಾಲ್ಕೈದು ಜನ ಚದುರಿದ ಮೇಲೂ ಬ್ರೆಂಡನ್ ಟೋಪಿ ಕೈಯಲ್ಲಿ ಹಿಡಿದು ದೂರ ನಿಂತೇ ಇದ್ದ.

ಅವಳೇ ಅವನ ಹತ್ತಿರ ಹೋದಳು.

"ನಾನು ಉಳಿದೆ, ನೋಡು."

ಅವನು ತಲೆಯಾಡಿಸಿದ.

"ಆ ಪುಟ ಓದಿದ ದಿನ ನಿನ್ನ ಮೇಲೆ ಮೈಯೆಲ್ಲ ಉರಿದುಹೋಯ್ತು. ಉರಿ ಇಳಿದ ಮೇಲೆ... ಆರು ವರ್ಷದಲ್ಲಿ ಮೊದಲ ಸಲ, ನಾನೊಬ್ಬಳೇ ಅಲ್ಲ ಅನ್ನಿಸ್ತು. ಹೊನೋರಾಗೆ ಗೊತ್ತು ಬ್ರೆಂಡನ್, ಈ ನೋವು. ನನ್ನ ಹಾಗೇ ತೊಟ್ಟಿಲಿಗೆ ಕೈ ಹಾಕಿ ತಣ್ಣಗಾದ ಕೂಸನ್ನ ಮುಟ್ಟಿದವಳು ಅವಳು. ಅವಳನ್ನೇ ನೀವಿಬ್ರೂ ನನ್ನಿಂದ ಬಚ್ಚಿಟ್ರಿ."

"ತಪ್ಪಾಯ್ತು." ಅವನು ಟೋಪಿಯನ್ನು ಕೈಯಲ್ಲೇ ತಿರುವಿದ. "ಮೊದಲು ಕೊಟ್ಟ ಮಾತಿಗೆ ಕಟ್ಟುಬಿದ್ದೆ. ಆಮೇಲೆ, ಹೇಳಿದ್ರೆ ನೀನು ಬರೋದೇ ನಿಲ್ಲಿಸ್ತೀಯ ಅಂತ ಹೆದರಿದೆ. ಗುರುವಾರ ಬಂತಂದ್ರೆ ಬೆಳಗ್ಗೆಯಿಂದ ಬಾಗಿಲನ್ನೇ ನೋಡ್ತಿದ್ದೆ. ನಿನ್ನನ್ನ ಪ್ರೀತಿಸ್ತೀನಿ ಡೀಲಿಯಾ. ಕ್ಷಮಿಸು ಅಂತ ಕೇಳೋ ಧೈರ್ಯ ಇಲ್ಲ."

ಅವಳು ಅಮ್ಮನ ಮೇಲಿನ ಹೊಸ ಮಣ್ಣಿನತ್ತ ತಿರುಗಿದಳು. ಅವನೇ ಮೆಲ್ಲಗೆ ಕೇಳಿದ.

"ಟೆಸ್ ಹೇಗಿದ್ಲು?"

ಡೀಲಿಯಾ ತಿರುಗಿ ಅವನ ಮುಖ ನೋಡಿದಳು. ಹೇಗೆ ಸತ್ತಳು ಎಂದು ಎಲ್ಲರೂ ಕೇಳಿದ್ದರು. ಇದನ್ನು ಒಬ್ಬರೂ ಕೇಳಿರಲಿಲ್ಲ.

"ಕಿವಿ ದೊಡ್ಡದು... ನಮ್ಮಮ್ಮಂದೇ. ತಾನೇ ಸೀನಿ ತಾನೇ ಗಾಬರಿಬೀಳ್ತಿದ್ಲು."

"ಆಮೇಲೆ?"

ಅವಳ ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಅವನ ತೋಳಿಗೆ ಕೈ ಹಾಕಿದಳು.

"ಇಲ್ಲಿ ನಿಂತು ಹೇಳಿದ್ರೆ ಮುಗಿಯಲ್ಲ. ಮನೆಗೆ ನಡಿ, ಹೇಳ್ತೀನಿ."