ಬಟ್ಟೆ ಕ್ಲಿಪ್ಪಿನ ಗೂಢಚಾರ

೧೯೮೪ರ ಜೂನ್ ನಾಲ್ಕು, ಸೋಮವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ಟೋಕಿಯೋದ ಕತ್ಸುಶಿಕಾ ಭಾಗದ ಠಾಣೆಗೆ ಆಟಿಕೆ ಕಾರ್ಖಾನೆಯ ಮಾಲೀಕ ಕುಸುಮೊತೊ ಓಡಿಬಂದ. ಕುಳಿತುಕೊಳ್ಳುವ ಮೊದಲೇ ದೂರು ಹೇಳಿದ.

"ನಮ್ಮ ಗೂಢಚಾರನ್ನ ಯಾರೋ ಹೊತ್ಕೊಂಡು ಹೋಗಿದಾರೆ ಸಾರ್."

ಇನ್‌ಸ್ಪೆಕ್ಟರ್ ಇವಾಸೆ ತಲೆ ಎತ್ತಿದ. "ಎತ್ತರ?"

"ಆರು ಸೆಂಟಿಮೀಟರ್."

ಎಲ್ಲರಿಗೂ ಚಹಾ ಕೊಡುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ನಿಶಿನೊ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಕಳುವಾದದ್ದು ಕಿಕಿಮಾರು ಎಂಬ ಆಟಿಕೆಯ ಮಾದರಿ. ಮಡಚಿದರೆ ಬಟ್ಟೆ ಒಣಹಾಕುವ ಕ್ಲಿಪ್ಪು, ಬಿಚ್ಚಿದರೆ ಕೈಕಾಲಿನ ರೋಬೋ. ಶತ್ರುರಾಣಿಯ ಅಂಗಳದ ಹಗ್ಗದಲ್ಲಿ ಒದ್ದೆ ಬಟ್ಟೆ ಕಚ್ಚಿಕೊಂಡು ನೇತಾಡುತ್ತ ಗುಟ್ಟು ಕೇಳಿಸಿಕೊಳ್ಳುವುದು, ಗಾಳಿ ಬೀಸಿದಾಗ ಜಾರಿ ಮನೆಗೆ ಓಡಿಬರುವುದು ಅದರ ಕತೆ. ಗುರುವಾರ ಆಟಿಕೆ ಮೇಳ. ಇರುವುದು ಅದೊಂದೇ ಮಾದರಿ.

"ಅದಿಲ್ಲದೆ ಹೋದ್ರೆ ನಮ್ಮ ಮೇಜು ಖಾಲಿ. ಹನ್ನೊಂದು ಜನ ಅದನ್ನೇ ನಂಬ್ಕೊಂಡು ಕೂತಿದಾರೆ," ಎಂದ ಕುಸುಮೊತೊ. "ಇದು ಪೈಪೋಟಿ ಕಂಪನಿಯವರದ್ದೇ ಕೆಲಸ. ಗೂಢಚಾರನ್ನ ಕದಿಯೋಕೆ ಗೂಢಚಾರನ್ನೇ ಕಳಿಸಿದಾರೆ!"

ದೂರು ದಾಖಲಾಯಿತು. ಒಂಬತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು.

ಬೀಗ ಒಡೆದಿರಲಿಲ್ಲ. ಕಿಟಕಿಯ ಚಿಲಕ ಹಾಕಿದಂತೆಯೇ ಇತ್ತು. ಕಪಾಟಿನಲ್ಲಿ ಕಿಕಿಮಾರುವಿನ ಜೊತೆಗಾರರು, ಅಳಿಸುವ ರಬ್ಬರಾಗುವವನು ಮತ್ತು ಬೆಂಕಿಪೆಟ್ಟಿಗೆಯಾಗುವವನು, ಹಾಗೆಯೇ ನಿಂತಿದ್ದರು.

"ಬೀಗದಕೈ ಎಲ್ಲಿಡ್ತೀರಿ?" ಇವಾಸೆ ಕೇಳಿದ.

"ಗ್ಯಾಸ್ ಮೀಟರಿನ ಹಿಂದೆ."

"ಯಾರಿಗೆ ಗೊತ್ತು?"

"ಬೀದಿಗೆಲ್ಲ ಗೊತ್ತು ಸಾರ್."

ವಿನ್ಯಾಸಕ ಸೆಗಾವ ಕೈಕಟ್ಟಿ ನಿಂತಿದ್ದ. ಶನಿವಾರ ಸಂಜೆ ಏಳಕ್ಕೆ ಕೊನೆಗೆ ಹೊರಟವನು ತಾನೇ, ಆಗ ಮಾದರಿ ಕಪಾಟಿನಲ್ಲಿತ್ತು ಎಂದ. ಭಾನುವಾರ ರಜೆ.

ನಿಶಿನೊ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಬೂಟು ಕಳಚುವ ಜಾಗದಲ್ಲಿ ಒಳಗೆ ಮೆಟ್ಟುವ ಹನ್ನೆರಡು ಜೊತೆ ಚಪ್ಪಲಿಗಳಿದ್ದವು. ಸಾಲಾಗಿ, ಬರುವವರ ಕಾಲಿಗೆ ನೇರವಾಗಿ ಸಿಗುವಂತೆ ತಿರುಗಿಸಿ ಇಡಲಾಗಿತ್ತು. ಬೆಳಗಿನ ಗಡಿಬಿಡಿಯಲ್ಲಿ ಯಾರೂ ಅವನ್ನು ಮೆಟ್ಟಿರಲಿಲ್ಲ.

"ಇವನ್ನ ಬೆಳಿಗ್ಗೆ ಯಾರು ಜೋಡಿಸಿದ್ರು?" ಎಂದು ಕೇಳಿದಳು.

ಕುಸುಮೊತೊ ಬಗ್ಗಿ ನೋಡಿದ. "ಯಾರೂ ಇಲ್ಲ. ನಾನೇ ಮೊದಲು ಬಂದಿದ್ದು. ನಮ್ಮೋರಿಗೆ ಆ ಬುದ್ಧಿ ಎಲ್ಲಿ ಬರ್ಬೇಕು? ಒದ್ದು ಎಸೆದು ಹೋಗ್ತಾರೆ."

"ಶನಿವಾರ ನೀವು ಹೋಗೋವಾಗ?"

ಸೆಗಾವ ಕಿವಿ ತುರಿಸಿಕೊಂಡ. "ಚೆಲ್ಲಾಪಿಲ್ಲಿಯಾಗಿತ್ತು. ನನ್ನದೊಂದು ಆ ಮೂಲೇಲಿತ್ತು."

ಕಪಾಟಿಗೆ ಕೈಹಾಕಿದ ಕಳ್ಳ ಹೋಗುವ ಮುನ್ನ ಮಂಡಿಯೂರಿ ಹನ್ನೆರಡು ಜೊತೆ ಚಪ್ಪಲಿ ನೇರಮಾಡಿದ್ದ. ಅದು ಯೋಚಿಸಿ ಮಾಡುವ ಕೆಲಸವಲ್ಲ, ಕೈ ತಾನೇ ಮಾಡುವ ಕೆಲಸ; ಮನೆಗಳಲ್ಲಿ ಅದು ಹೆಂಗಸರ ಪಾಲಿನದು. ಎಷ್ಟು ವರ್ಷ ಮಾಡಿದರೆ ಕೈಗೆ ಅದು ಬರುತ್ತದೆ ಎಂದು ನಿಶಿನೊಗೆ ಗೊತ್ತಿತ್ತು.

"ಇಲ್ಲಿಗೆ ಹೆಂಗಸರು ಯಾರು ಬರ್ತಾರೆ?"

"ಯಾರೂ ಬರಲ್ಲ," ಎಂದ ಸೆಗಾವ. ಆಮೇಲೆ, "ಹಾಂ, ಬಣ್ಣ ಹಚ್ಚೋ ಯನಗಿದಾ ಅಕ್ಕ ಬರ್ತಾರೆ," ಎಂದ.

ಹನ್ನೊಂದೂಕಾಲಿಗೆ ಇವಾಸೆ ಮತ್ತು ನಿಶಿನೊ ಕಾಲುವೆ ಪಕ್ಕದ ಎರಡು ಕೋಣೆಯ ಮನೆಯ ಬಾಗಿಲು ತಟ್ಟಿದರು. ಫುಸಾ ಯನಗಿದಾಗೆ ನಲವತ್ತಾರು ವರ್ಷ. ಹದಿನೆಂಟು ವರ್ಷಗಳಿಂದ ಮನೆಯಲ್ಲೇ ಕುಳಿತು ಆ ಕಾರ್ಖಾನೆಯ ಬೊಂಬೆಗಳ ಕಣ್ಣಿಗೆ ಬಣ್ಣ ಹಚ್ಚಿಕೊಡುತ್ತಿದ್ದಳು. ಪೊಲೀಸರನ್ನು ನೋಡಿ ಅವಳು ಬೆದರಲಿಲ್ಲ.

"ಬನ್ನಿ. ಅಲ್ಲಿದೆ," ಎಂದಳು.

ಊಟದ ಮೇಜಿನ ಮೇಲೆ, ಹಳೆ ಪತ್ರಿಕೆಯ ನಡುವೆ ಕಿಕಿಮಾರು ಮಲಗಿತ್ತು. ಎಡಗಾಲಿಗೆ ದಾರ ಸುತ್ತಿತ್ತು. ಇವಾಸೆ ಕೈಚಾಚಿದ.

"ಮುಟ್ಬೇಡಿ! ಅಂಟು ಒಣಗಿಲ್ಲ. ಇನ್ನು ಹದಿನೈದು ನಿಮಿಷ."

"ಅಮ್ಮಾ, ಇದು ಕದ್ದ ಮಾಲು."

"ಇರಬಹುದು. ಈಗ ಎತ್ತಿದ್ರೆ ಕಾಲು ಸೊಟ್ಟಗಾಗುತ್ತೆ. ಸೊಟ್ಟ ಕಾಲಿನ ಸಾಕ್ಷಿ ಬೇಕಾ ನಿಮಗೆ?"

ಇವಾಸೆ ಗಡಿಯಾರ ನೋಡಿ ಕುಳಿತ. ನಿಶಿನೊ ಟಿಪ್ಪಣಿ ಪುಸ್ತಕ ತೆಗೆದಳು.

"ಯಾಕೆ ತಗೊಂಡ್ರಿ?"

"ಮಂಡಿ ಸರಿಯಿರ್ಲಿಲ್ಲ. ಮಡಚೋವಾಗ ಸ್ಪ್ರಿಂಗು ಪಟ್ಟಂತ ಹೊಡೆದು ಚರ್ಮ ಕಚ್ಚುತ್ತೆ. ನೋಡಿ." ತೋರುಬೆರಳು ಚಾಚಿದಳು. ಉಗುರಿನ ಪಕ್ಕ ನೀಲಿಗಟ್ಟಿತ್ತು. "ನಂದು ದಪ್ಪ ಚರ್ಮ. ಐದು ವರ್ಷದ ಮಗೂದು?"

"ಅವರಿಗೆ ಹೇಳ್ಬಹುದಿತ್ತಲ್ಲ?"

"ಮೂರು ಸಲ ಹೇಳ್ದೆ. 'ಅಕ್ಕಾ, ನೀವು ಕಣ್ಣು ಬರೀರಿ, ಕಾಲು ನಮಗೆ ಬಿಡಿ' ಅಂದ್ರು ಸೆಗಾವ." ದಾರದ ತುದಿ ಮುಟ್ಟಿ ನೋಡಿದಳು. "ಎರಡು ವರ್ಷದ ಹಿಂದೆ ಮುರಿದ ಕ್ಲಿಪ್ಪಿಗೆ ಗುಂಡಿ ಪೋಣಿಸಿ ಕೈಕಾಲು ಬರೋ ಹಾಗೆ ಮಾಡಿ ತೋರ್ಸಿದ್ದು ನಾನೇ. ಆಗ ನಕ್ಕಿದ್ರು. ಹೋಗಲಿ, ಹೆಸರು ಅವರದ್ದೇ ಇರಲಿ ಅಂದ್ಕೊಂಡೆ. ಆದ್ರೆ ಅದು ಮಕ್ಕಳ ಕೈ ಕಚ್ಚುತ್ತೆ ಅಂತ ಗೊತ್ತಿದ್ದೂ ಕಣ್ಣು ಬರ್ಕೊಂಡು ಕೂತಿರೋಕೆ ಆಗ್ಲಿಲ್ಲ. ನಿನ್ನೆ ತಂದೆ, ಇವತ್ತು ಸಂಜೆ ವಾಪಸ್ ಇಟ್ಟು ಬರ್ತಿದ್ದೆ."

"ಯಾರಿಗೂ ಹೇಳದೆ?"

"ಹೇಳಿದ್ರೆ ಕೊಡ್ತಿದ್ರಾ?"

ನಿಶಿನೊ ಅದನ್ನೂ ಬರೆದುಕೊಂಡಳು. ಹಿಂದಿನ ವಾರ ಠಾಣೆಯ ಸಭೆಯಲ್ಲಿ ತಾನು ಬಾಯಿ ತೆರೆದಾಗ ಯಾರೋ ಚಹಾ ಕೇಳಿದ್ದರು. ಅವಳು ಮಾತು ನುಂಗಿಕೊಂಡು ಕೆಟಲ್ ತರಲು ಎದ್ದಿದ್ದಳು.

ಹನ್ನೊಂದು ಐವತ್ತೆರಡಕ್ಕೆ ಫುಸಾಳನ್ನು ಬಂಧಿಸಲಾಯಿತು. ಹೊರಡುವ ಮೊದಲು ಅವಳು ದಾರ ಬಿಚ್ಚಿ ಕಾಲನ್ನು ಎರಡು ಸಲ ಮಡಚಿ ನೋಡಿ, ಗೂಢಚಾರನನ್ನು ಇವಾಸೆಯ ಅಂಗೈಯಲ್ಲಿಟ್ಟಳು.

ಮಧ್ಯಾಹ್ನ ಎರಡಕ್ಕೆ ಮಾಲು ಗುರುತಿಸಲು ಕುಸುಮೊತೊ ಮತ್ತು ಸೆಗಾವ ಠಾಣೆಗೆ ಬಂದರು. ಕುಸುಮೊತೊ ಕಿಕಿಮಾರುವನ್ನು ಬಿಚ್ಚಿದ, ಮಡಚಿದ. ತನ್ನ ಕಿರುಬೆರಳನ್ನೇ ಮಂಡಿಗೆ ಸಿಕ್ಕಿಸಿ ಮತ್ತೆ ಮಡಚಿದ. ಕಾಲು ಮೆತ್ತಗೆ ನಿಂತಿತು. ಬೆರಳಿಗೆ ಏನೂ ಆಗಲಿಲ್ಲ.

"ಇದನ್ನ ಹೇಗೆ ಮಾಡಿದ್ರು, ಸೆಗಾವ?"

ಸೆಗಾವ ಮಂಡಿಯನ್ನು ತಿರುಗಿಸಿ ನೋಡಿದ. "ನಂಗೆ ಗೊತ್ತಾಗ್ತಿಲ್ಲ. ಅವರನ್ನೇ ಕೇಳ್ಬೇಕು," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಮೊದಲೇ ಕೇಳ್ಬೇಕಿತ್ತು."

"ಸಾರ್, ಗುರುವಾರ ಅವರು ನಮ್ಮ ಮೇಜಿನ ಹತ್ರ ನಿಂತಿರ್ಬೇಕು," ಎಂದ ಕುಸುಮೊತೊ. "ದೂರನ್ನ ಏನು ಮಾಡ್ಲಿ ಹೇಳಿ."

ಶಿಕ್ಷೆ ಬೇಡವೆಂದು ಅವನು ಬರೆದುಕೊಟ್ಟ. ಮಾಲು ಮರಳಿ ಸಿಕ್ಕಿತ್ತು, ಹಿಂದಿನ ಅಪರಾಧ ಯಾವುದೂ ಇರಲಿಲ್ಲ. ಸಣ್ಣ ಪ್ರಕರಣವೆಂದು ಎಚ್ಚರಿಕೆ ನೀಡಿ ಸಂಜೆಯೇ ಬಿಡಬಹುದೆಂದು ಇವಾಸೆ ತೀರ್ಮಾನಿಸಿದ. ಫುಸಾಳ ಹೇಳಿಕೆಗೆ ಸಹಿಯ ಬದಲು ಅವಳ ಮೊಹರು ಬಿದ್ದರೆ ಮುಗಿಯಿತು.

ನಿಯಮದಂತೆ ನಿಶಿನೊ ಅದನ್ನು ಮೊದಲಿನಿಂದ ಗಟ್ಟಿಯಾಗಿ ಓದಿದಳು. ಕಾರಣ ಎಂಬಲ್ಲಿ ಇವಾಸೆ ಬರೆದದ್ದು ಒಂದೇ ಸಾಲು: ಮಕ್ಕಳ ಬೆರಳಿಗೆ ಪೆಟ್ಟಾಗುವುದೆಂದು ಮೂರು ಬಾರಿ ಹೇಳಿದರೂ ಯಾರೂ ಕೇಳದ ಕಾರಣ, ತಾನೇ ಸರಿಪಡಿಸಲು.

"ಎಲ್ಲಾ ಸರಿಯಿದೆಯೇನಮ್ಮ? ತಪ್ಪಿದ್ರೆ ಈಗಲೇ ಹೇಳಿ," ಎಂದ ಇವಾಸೆ.

"ಒಂದು ತಪ್ಪಿದೆ."

"ಯಾವುದು?"

ಫುಸಾ ಮೊದಲ ಹಾಳೆಯ ಮೇಲೆ ಬೆರಳಿಟ್ಟಳು. ಉದ್ಯೋಗ: ಗೃಹಿಣಿ. ಅವಳನ್ನು ಕೇಳದೆಯೇ, ರೂಢಿಯಂತೆ, ಇವಾಸೆ ತುಂಬಿದ್ದ ಜಾಗ ಅದು.

ಅವನು ಹಾಳೆ ನೋಡಿದ, ಅವಳನ್ನು ನೋಡಿದ, ಪೆನ್ನನ್ನು ನಿಶಿನೊ ಕಡೆ ಸರಿಸಿದ. "ಏನಂತ ಬರೀಬೇಕು ಅವರನ್ನೇ ಕೇಳಿ ಬರೀರಿ."

ಫುಸಾ ಹೇಳಿದಳು. ನಿಶಿನೊ ಹಳೆಯ ಪದದ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ 'ಆಟಿಕೆ ವಿನ್ಯಾಸಕಿ' ಎಂದು ಬರೆದಳು. ಅಂಚಿನಲ್ಲಿ ತಿದ್ದುಪಡಿಯ ವಿವರ ಸೇರಿಸಿದಳು: ಒಂದು ಪದ ಅಳಿಸಿದೆ, ಎರಡು ಪದ ಸೇರಿಸಿದೆ.

ಫುಸಾ ಅದನ್ನು ತಾನೇ ಒಮ್ಮೆ ಓದಿಕೊಂಡು, ಮೊಹರು ಒತ್ತಿದಳು.