ಕೆಂಪೇಗೌಡ ಎಂದು ಕರೆದವಳು

ಸತ್ತವನು ಬಾಳೆಎಲೆಗೆ ಚೌಕಾಸಿ ಮಾಡುತ್ತಿದ್ದ!

ಅದೂ ಹಾಡುಹಗಲಲ್ಲಿ, ಹಲಸೂರಿನ ಬಜಾರ್ ಬೀದಿಯ ನಟ್ಟನಡುವೆ. ಸುಕನ್ಯಳ ಕೈಯಲ್ಲಿದ್ದ ಹಿತ್ತಾಳೆ ದೀಪ ಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು. ಗೆಳತಿ ಪ್ರಿಯದರ್ಶಿನಿಯ ಗೃಹಪ್ರವೇಶಕ್ಕೆಂದು ಆಗಷ್ಟೇ ಕೊಂಡ ದೀಪ ಅದು.

ಸದ್ದಿಗೆ ಅವನು ತಿರುಗಿ ನೋಡಿದ.

ಅದೇ ದಪ್ಪ ಹುಬ್ಬು, ಅದೇ ಕೆನ್ನೆಯ ಗುಳಿ... ಬಡಕಲಾಗಿದ್ದಾನೆ. ಗಡ್ಡ ಬಿಟ್ಟಿದ್ದಾನೆ.

'ದೆವ್ವಕ್ಕೂ ಗಡ್ಡ ಬೆಳೆಯುತ್ತಾ?' ಎಂದುಕೊಂಡಳು ಸುಕನ್ಯ. ಎಂಥ ಹೊತ್ತಿನಲ್ಲಿ ಎಂಥ ಯೋಚನೆ ನೋಡಿ! ಆದರೆ ಎದೆ ಹೊಡೆದುಕೊಳ್ಳುವಾಗ ಬುದ್ಧಿ ಯಾರ ಮಾತನ್ನೂ ಕೇಳುವುದಿಲ್ಲ.

"ಏನ್ರೀ ಮೇಡಂ," ಎಂದ ಅವನು. ದನಿಯಲ್ಲಿ ಬರೀ ಕಹಿ. "ವರ್ಷ ಆದ್ಮೇಲೆ ನೆನಪಾಯ್ತಾ ಹಲಸೂರು?"

ಅವಳ ಕಾಲುಗಳು ತಾವಾಗಿಯೇ ಮುಂದೆ ಹೋದವು. ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು.

ಬೆಚ್ಚಗಿತ್ತು! ನಾಡಿ ಬಡಿಯುತ್ತಿತ್ತು!

"ಬದುಕಿದ್ದೀಯಾ..." ಎಂದವಳೇ ಬಜಾರಿನ ಜನರೆಲ್ಲ ನೋಡುವಂತೆ ಗೊಳೋ ಎಂದು ಅತ್ತುಬಿಟ್ಟಳು.

ಹೋದ ವರ್ಷ ಇದೇ ತಿಂಗಳು ಇಬ್ಬರಿಗೂ ದೊಡ್ಡ ಜಗಳವಾಗಿತ್ತು. 'ಮನೇಲಿ ನನ್ನ ವಿಷಯ ಯಾವಾಗ ಹೇಳ್ತೀಯ?' ಎಂದು ಅವಳು ಕೇಳಿ ಕೇಳಿ ಸಾಕಾಗಿದ್ದಳು. 'ಅಜ್ಜಿ ಒಪ್ಪಲ್ಲ, ಸ್ವಲ್ಪ ದಿನ ತಡಿ' ಎಂದು ಅವನು ಹೇಳಿ ಹೇಳಿ ಸೋತಿದ್ದ. ಕೊನೆಗೆ ಅವಳ ಬಾಯಿಂದ ಆಡಬಾರದ ಮಾತು ಬಂದಿತ್ತು.

'ನನ್ನ ಪಾಲಿಗೆ ನೀನು ಸತ್ತೆ, ಹೋಗು!'

ಹತ್ತು ದಿನಕ್ಕೆ ಸಿಟ್ಟು ಇಳಿಯಿತು. ಕ್ಷಮೆ ಕೇಳಬೇಕೆಂದು ಜೀವನ್ ಬಿಮಾ ನಗರದಿಂದ ಬೆಳಗ್ಗೆಯೇ ಬಸ್ ಹತ್ತಿದಳು. ಹಲಸೂರು ಬಂತು. ಕಿಟಕಿಯಾಚೆ, ವಿದ್ಯುತ್ ಕಂಬಕ್ಕೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಅವನು ನಗುತ್ತಿದ್ದ. ಮೇಲೆ 'ಕಣ್ಣೀರಿನ ಶ್ರದ್ಧಾಂಜಲಿ' ಎಂದಿತ್ತು. ಕೆಳಗೆ ಹೆಸರು: ಕೆಂಪೇಗೌಡ.

ಬಸ್ಸಿಳಿದು ನಿಂತಳು. ಅವನ ಬೀದಿಯಿಂದ ತಮಟೆ ಸದ್ದು ಕೇಳುತ್ತಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಒಳಗೆ ಹೋಗಿ ಅಳಲು ತಾನು ಯಾರು? ಕೊಂದ ಬಾಯಿಯಲ್ಲಿ ಏನೆಂದು ಅಳಲಿ? ಹಾಗೇ ಹಿಂದಿರುಗಿದಳು.

ಬೇರೆ ಹೆಸರಿನವನಾಗಿದ್ದರೆ ಕಾಲವೇ ಮರೆಸುತ್ತಿತ್ತೋ ಏನೋ. ಆದರೆ ಈ ಊರಿನಲ್ಲಿ ಕೆಂಪೇಗೌಡನನ್ನು ಮರೆಯುವುದುಂಟೇ! ರಸ್ತೆಗೆ ಅವನ ಹೆಸರು, ವಿಮಾನ ನಿಲ್ದಾಣಕ್ಕೆ ಅವನ ಹೆಸರು, ಕೆರೆಯ ಪಕ್ಕದ ಗೋಪುರಕ್ಕೆ ಅವನ ಹೆಸರು. ಗಾಂಧಿನಗರದ ಕಚೇರಿಗೆ ಮೆಟ್ರೋದಲ್ಲಿ ಹೊರಟರೆ, 'ಮುಂದಿನ ನಿಲ್ದಾಣ ನಾಡಪ್ರಭು ಕೆಂಪೇಗೌಡ' ಎಂದು ಹೆಣ್ಣು ದನಿಯೊಂದು ತಣ್ಣಗೆ ಹೇಳುತ್ತಿತ್ತು. ಅದನ್ನು ಕೇಳಲಾಗದೆ ಸುಕನ್ಯ ಒಂದು ನಿಲ್ದಾಣ ಮೊದಲೇ ಇಳಿದು, ವರ್ಷವಿಡೀ ನಡೆದೇ ಹೋಗುತ್ತಿದ್ದಳು.

ಇಷ್ಟನ್ನೂ ಬಿಕ್ಕುತ್ತಾ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖದ ಕಹಿ ಕರಗಿ, ಬಣ್ಣವೇ ಇಳಿದುಹೋಯಿತು.

"ಆ ಫ್ಲೆಕ್ಸ್ ನೋಡಿದ್ಯಾ ನೀನು? ಅದು ಎರಡು ಗಂಟೆ ಕೂಡ ಇರ್ಲಿಲ್ಲ ಕಣೇ. ನಾನೇ ಕಿತ್ತು ಬಿಸಾಕಿದ್ದು!"

"ಹಾಗಾದ್ರೆ ತೀರ್ಕೊಂಡಿದ್ದು ಯಾರು?"

"ಅಣ್ಣ. ದೊಡ್ಡಪ್ಪನ ಮಗ."

"ಅಣ್ಣ ಅಂತ ಯಾವಾಗ್ಲೂ ಹೇಳ್ತಿದ್ಯಲ್ಲ, ಅವರಾ?"

"ಹ್ಞೂಂ. ಅವನ ಹೆಸರೂ ಕೆಂಪೇಗೌಡನೇ. ತಾತನ ಹೆಸರದು. ದೊಡ್ಡಪ್ಪನೂ ಹಿರಿಮಗನಿಗೆ ಅದನ್ನೇ ಇಟ್ರು, ನಮ್ಮಪ್ಪನೂ ಅದನ್ನೇ ಇಟ್ರು. ಕೆಂಪೇಗೌಡ ಜಯಂತಿಗೆ ಶುಭಾಶಯ ಕೋರೋ ಬ್ಯಾನರ್‌ನಲ್ಲಿ ನನ್ನ ಫೋಟೋ ಇತ್ತಲ್ಲ? ಫ್ಲೆಕ್ಸ್ ಅಂಗಡಿಯೋನು ಕಂಪ್ಯೂಟರ್‌ನಲ್ಲಿ ಹೆಸರು ಹುಡುಕಿ, ಅದೇ ಮುಖ ತೆಗೆದು ಅಂಟಿಸ್ಬಿಟ್ಟಿದ್ದ."

ಸುಕನ್ಯ ಗೋಡೆಗೆ ಒರಗಿದಳು. ಒಂದು ವರ್ಷದ ಪಾಪಪ್ರಜ್ಞೆ, ಒಂದು ಅಂಗಡಿಯವನ ಅವಸರ!

"ಊರು ಕಟ್ಟಿದ್ದು ಹಿರಿಯ ಕೆಂಪೇಗೌಡ್ರು, ಗೋಪುರ ಕಟ್ಸಿದ್ದು ಇಮ್ಮಡಿ ಕೆಂಪೇಗೌಡ್ರು ಅಂತಾರೆ. ಜನ ಇಬ್ರನ್ನೂ ಸೇರಿಸಿ ಒಬ್ರನ್ನೇ ಮಾಡ್ಬಿಟ್ರು. ನಮ್ ಗತೀನೂ ಅಷ್ಟೇ ಆಯ್ತು," ಎಂದು ಅವನು ನಗಲು ನೋಡಿದ. ನಗು ಬರಲಿಲ್ಲ. "ಆಮೇಲೆ ಅಣ್ಣನ ಫೋಟೋ ಹಾಕ್ಸಿ ಊರೆಲ್ಲ ಫ್ಲೆಕ್ಸ್ ಕಟ್ಟಿದ್ವಿ, ಇವಳು ನೋಡಿರ್ತಾಳೆ, ಆದ್ರೂ ಅಣ್ಣನ ಸಾವಿಗೆ ಬರ್ಲಿಲ್ಲ ಅಂತ ನಿನ್ನ ಮೇಲೆ ಹಲ್ಲು ಕಚ್ಕೊಂಡಿದ್ದೆ. ನಂಬರ್ ಕೂಡ ಬದಲಾಯಿಸಿದೆ."

"ಈಗ ಗೊತ್ತಾಯ್ತಲ್ಲ... ಈಗಾದ್ರೂ..."

"ಈಗ ನೀನು ಇನ್ನೂ ದೂರ ಇರ್ಬೇಕು, ಸುಕಿ."

ಅವಳು ಬೆಚ್ಚಿ ನೋಡಿದಳು.

"ಅವತ್ತು ಕೆ.ಆರ್. ಪುರಕ್ಕೆ ಹೋಗ್ಬೇಕಿದ್ದಿದ್ದು ನಾನು. ಜ್ವರ ಇತ್ತು. 'ನೀನ್ ಮಲ್ಕೋ ಮಗಾ, ನಾನ್ ಹೋಗ್ಬರ್ತೀನಿ' ಅಂತ ಅಣ್ಣ ನನ್ನ ಬೈಕ್, ನನ್ನ ಫೋನ್ ತಗೊಂಡು ಹೋದ. ಲಾರಿ..." ಅವನ ದನಿ ಒಡೆಯಿತು. "ಯಮ ಹೆಸರು ಹಿಡಿದು ಬಂದ, ಮುಖ ನೋಡ್ಲಿಲ್ಲ ಅಂತಾಳೆ ಅಜ್ಜಿ. ತಪ್ಪಾಗಿದೆ ಅಂತ ಗೊತ್ತಾದ್ರೆ ತಿರುಗಿ ಬರ್ತಾನಂತೆ. ಅದಕ್ಕೇ ಮನೇಲಿ ಯಾರೂ ನನ್ನ ಹೆಸರು ಎತ್ತಲ್ಲ. 'ಏ', 'ಇವ್ನೇ', 'ಬಾರೋ'... ಅಷ್ಟೇ. ನನ್ನ ಹೆಸರು ಕಿವಿಗೆ ಬಿದ್ದು ವರ್ಷ ಆಯ್ತು. ನಾಳೆ ಅಣ್ಣನ ವರ್ಷದ ಕಾರ್ಯ. ಎಡೆ ಇಡೋದು ನನ್ನ ಹೆಸರಿಗೇ ಅನ್ಸುತ್ತೆ."

"ನೀನೂ ಇದನ್ನ ನಂಬ್ತೀಯಾ?"

"ಹಗಲು ನಂಬಲ್ಲ," ಎಂದ ಅವನು. "ಹೋಗು. ಅವನ ಪಾಲಿನ ಜೀವ ಇದು. ಇದನ್ನ ನಿನ್ನ ಕೈಗೆ ಹೇಗೆ ಕೊಡ್ಲಿ?"

ಎಲೆಯ ಕಟ್ಟನ್ನು ಹೆಗಲಿಗೇರಿಸಿ ನಡೆದೇಬಿಟ್ಟ. ತಲೆ ತಗ್ಗಿಸಿ, ಗೋಡೆಯ ಅಂಚು ಹಿಡಿದು, ಯಾರ ಕಣ್ಣಿಗೂ ಬೀಳಬಾರದು ಎಂಬಂತೆ ಹೋಗುತ್ತಿದ್ದ.

ಸುಕನ್ಯ ನೋಡುತ್ತ ನಿಂತಳು. ಬದುಕಿದ್ದಾನೆ ಎಂದು ತಿಳಿದ ಗಳಿಗೆಯಲ್ಲೇ ಮತ್ತೆ ಕಳೆದುಕೊಳ್ಳಬೇಕೇ? 'ಒಮ್ಮೆ ಸುಮ್ಮನೆ ಹಿಂದಿರುಗಿದ್ದಕ್ಕೆ ವರ್ಷ ಹೋಯಿತು. ಈ ಸಲ ಹೋದರೆ ಜನ್ಮವೇ ಹೋಗುತ್ತದೆ!'

ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು.

"ಕೆಂಪೇಗೌಡಾ!"

ಹಲಸೂರಲ್ಲವೇ? ಮೂವರು ತಿರುಗಿದರು! ಹೂವಿನ ಗಾಡಿಯ ಮುದುಕ, ಸ್ಕೂಟರಿನ ಮೇಲಿದ್ದ ದಢಿಯ, ಚಹಾ ಕುಡಿಯುತ್ತಿದ್ದ ಒಬ್ಬ ಪೊಲೀಸ್. ಅವಳು ಕರೆದವನು ಮಾತ್ರ ತಿರುಗಲಿಲ್ಲ. ನಿಂತಲ್ಲೇ ನಿಂತ. ಹೆಗಲ ಮೇಲಿನ ಎಲೆಗಳು ಅಲುಗುತ್ತಿದ್ದವು.

"ಸುಕಿ, ಬೇಡ... ಕೂಗ್ಬೇಡ..."

"ಕೂಗ್ತೀನಿ! ಆ ಯಮನಿಗೂ ಕೇಳಿಸ್ಲಿ! ಬಂದ್ರೆ ಬರ್ಲಿ, ಮೊದ್ಲು ನನ್ನ ಹತ್ರ ಮಾತಾಡ್ಲಿ." ಓಡಿಹೋಗಿ ಅವನೆದುರು ನಿಂತಳು. ಅತ್ತು ಅತ್ತು ಮೂಗೆಲ್ಲ ಕೆಂಪಾಗಿತ್ತು. "ಅಣ್ಣ ಬೈಕ್ ತಗೊಂಡು ಹೋಗಿದ್ದು ನೀನು ಮಲ್ಕೊಂಡು ಚೇತರಿಸ್ಕೊಳ್ಲಿ ಅಂತ. ಹೀಗೆ ಗೋಡೆ ಪಕ್ಕ ನೆರಳಾಗಿ ಓಡಾಡ್ಲಿ ಅಂತ ಅಲ್ಲ."

ಅವನು ತಗ್ಗಿಸಿದ್ದ ತಲೆ ಎತ್ತಿದ.

"ಕೆಂಪೇಗೌಡ," ಎಂದಳು ಮತ್ತೆ, ಈ ಸಲ ಮೆಲ್ಲಗೆ. "ಇದ್ದೀಯಾ?"

ಒಂದು ವರ್ಷದಿಂದ ಒಣಗಿದ್ದ ಅವನ ಕಣ್ಣು ತುಂಬಿ ಹರಿಯಿತು. ಎಲೆಯ ಕಟ್ಟನ್ನು ಕೆಳಗಿಟ್ಟು, ನಡುಬೀದಿಯಲ್ಲೇ ಅವಳ ಎರಡೂ ಕೈ ಹಿಡಿದುಕೊಂಡ.

"ಇದ್ದೀನಿ... ಇದ್ದೀನಿ ಕಣೇ."

ಮುದುಕ ಗಾಡಿ ತಳ್ಳಿಕೊಂಡು ಮುಂದೆ ಹೋದ. ಪೊಲೀಸ್ ಚಹಾದ ಕಡೆ ನೋಡಿದ.

"ನಾಳೆ ಮನೆಗೆ ಬಾ," ಎಂದ ಅವನು ಮುಖ ಒರೆಸಿಕೊಳ್ಳುತ್ತ. "ಅಣ್ಣನಿಗೆ ಕೈ ಮುಗಿಯುವಿಯಂತೆ. ಅಜ್ಜಿಗೆ ನಾನೇ ಹೇಳ್ತೀನಿ."

"ಏನಂತ ಹೇಳ್ತೀಯ?"

"ನನ್ನನ್ನ ಹೆಸರು ಹಿಡಿದು ಕರೆಯೋಳು ಬಂದಿದ್ದಾಳೆ ಅಂತ."