ನಾಲ್ಕರಲ್ಲಿ ಯಾವುದು ಚೆಂದ

ಗಂಗಾಧರ ನಕ್ಕಿದ್ದು ರಾಧಾಮಣಿಗೆ ಹಿಡಿಸಲಿಲ್ಲ.

ಚಿಂತಾಮಣಿಯ ಆ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮೊದಲ ದಿನ ನಗುತ್ತಾ ಬಂದವರೇ ಕಡಿಮೆ. ಇವನು ಶಿಡ್ಲಘಟ್ಟದವನು, ಮೂವತ್ತೊಂದು ವರ್ಷ, ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಸಣ್ಣ ಯೂನಿಟ್ಟು. ಸಾದಲಿ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಆರು ವಾರದ ಪ್ಲಾಸ್ಟರ್ ಕಟ್ಟು ಬಿಚ್ಚಿದ ಮೇಲೆ ಕೈ ಒಣಕಟ್ಟಿಗೆಯಂತೆ ಬಿಗಿದುಕೊಂಡಿತ್ತು. ರಾಧಾಮಣಿ ಬಿಸಿ ಕೊಟ್ಟು, ಬೆರಳು ಮಡಿಸಿ ಬಿಡಿಸಿ, ಕೊನೆಗೆ ಡ್ರಾಯರಿನಿಂದ ಒಂದು ಗೇಮ್ ಕನ್ಸೋಲ್ ತೆಗೆದು ಅವನ ಮುಂದಿಟ್ಟಳು.

"ಮಕ್ಕಳಾಟ ಅಂತ ಬೇಜಾರು ಮಾಡ್ಕೋಬೇಡಿ. ಹೆಬ್ಬೆರಳಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ."

ಪರದೆಯ ಮೇಲೆ ಜೊಂಡುಹುಲ್ಲು, ಹುಲ್ಲಿನ ನಡುವೆ ಎಲೆಯಂಥ ಕಿವಿಯ ಒಂದು ಪ್ರಾಣಿ. ಅದನ್ನು ನೋಡಿದ್ದೇ ಅವನು ನಕ್ಕುಬಿಟ್ಟ.

"ನಗೋದೇನಿದೆ ಇದ್ರಲ್ಲಿ?"

"ಅಯ್ಯೋ, ನಿಮ್ಮನ್ನ ನೋಡಿ ಅಲ್ಲ ಮೇಡಂ. ಇದು ಕ್ರಿಟೋರಾ ಆಟದ ಒಂದನೇ ಪಾರ್ಟು. ನಮ್ಮನೇಲಿ ನಾಕೂ ಪಾರ್ಟ್ ಇದಾವೆ. ಆಸ್ಪತ್ರೇಲಿ ಸಿಗುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

ಅವಳ ಮುಖ ಸ್ವಲ್ಪ ಸಡಿಲವಾಯಿತು. "ನಾಕೂ ಆಡಿದೀರಾ? ಹಾಗಾದ್ರೆ ನಾಳಿದ್ದು ಬರೋವಾಗ ತಗೊಂಬನ್ನಿ. ಯಾವುದು ಯಾವ ಬೆರಳಿಗೆ ಅಂತ ನೋಡ್ಬೇಕು."

ಆಟವನ್ನು ಹೀಗೆ ಬೆರಳಿನ ಲೆಕ್ಕದಲ್ಲಿ ಅಳೆಯುವವರನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ ಹನ್ನೊಂದರ ಹೊತ್ತಿಗೆ ಶಿಡ್ಲಘಟ್ಟದ ಬಸ್ಸು ಅವನನ್ನು ತಂದು ಬಿಡುತ್ತಿತ್ತು. ಉಳಿದ ಮೂರು ಪಾರ್ಟುಗಳ ಪುಟ್ಟ ಕಾರ್ಡುಗಳನ್ನು ಅವನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟ. ಒಂದೇ ಕನ್ಸೋಲಿನಲ್ಲಿ ಒಂದಾದ ಮೇಲೊಂದು ಹಾಕಿ ನೋಡಿ, ರಾಧಾಮಣಿ ಗೋಡೆಗೆ ಒಂದು ಚೀಟಿ ಅಂಟಿಸಿದಳು: ಒಂದನೆಯದು ಹೆಬ್ಬೆರಳಿಗೆ. ಎರಡನೆಯದು ತೋರುಬೆರಳಿಗೂ ಸೇರಿ. ಮೂರನೆಯದು ಮಣಿಕಟ್ಟಿಗೆ, ಬಲೆ ಬೀಸಲು ಕೈ ಪೂರಾ ತಿರುಗಿಸಬೇಕು. ನಾಲ್ಕನೆಯದಕ್ಕೆ ಎರಡೂ ಕೈ. ಎಲ್ಲಕ್ಕಿಂತ ಉಪಯೋಗದ್ದೆಂದು ಮೂರನೆಯದರ ಮುಂದೆ ಮಾತ್ರ ಎರಡು ಸ್ಟಾರ್ ಹಾಕಿದಳು.

ಚೀಟಿ ಓದಿ ಗಂಗಾಧರನಿಗೆ ಅನ್ಯಾಯವಾದಂತೆ ಅನಿಸಿತು.

"ಮೂರನೇದಕ್ಕೆ ಎರಡು ಸ್ಟಾರ್ ಹಾಕಿದೀರಲ್ಲ ಮೇಡಂ! ಇಡೀ ಸೀರೀಸಲ್ಲೇ ಕೆಟ್ಟದ್ದು ಅದು."

"ಯಾಕೆ ಕೆಟ್ಟದ್ದು?"

"ನಾನೂರು ಪ್ರಾಣಿ ಇದಾವೆ. ಬಲೆ ಬೀಸು, ಹಿಡಿ, ಚೀಲಕ್ಕೆ ಹಾಕು, ಮುಂದಕ್ಕೆ ಹೋಗು. ಒಂದರ ಹೆಸರೂ ನೆನಪಿರಲ್ಲ. ಒಂದನೇದ್ರಲ್ಲಿ ಇರೋದು ಅರವತ್ತೇ. ಬಲೆನೂ ಇಲ್ಲ. ಸುಮ್ನೆ ನಿಂತ್ಕೋಬೇಕು. ನಿಮ್ಮ ಮೇಲೆ ನಂಬಿಕೆ ಬಂದ್ರೆ ಅದೇ ಬರುತ್ತೆ."

"ಬರ್ಲಿಲ್ಲ ಅಂದ್ರೆ?"

"ಕಾಯೋದು."

"ನನಗೆ ಕಾಯೋದು ಬರಲ್ಲ," ಎಂದು ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಾಗಿಸಿದಳು. "ಮೂರನೇದ್ರಲ್ಲಿ ಏನು ಮಾಡ್ಬೇಕು ಅಂತ ಸ್ಪಷ್ಟವಾಗಿ ಹೇಳ್ತಾರೆ. ಮಾಡಿದ್ರೆ ಸಿಗುತ್ತೆ. ಇಲ್ಲಿಗೆ ಬರೋ ಜನಕ್ಕೆ ಅದೇ ಬೇಕಾಗಿರೋದು. ಪಾರ್ಶ್ವವಾಯು ಹೊಡೆದು ಆರು ತಿಂಗಳಾಗಿರೋರಿಗೆ, ಹುಲ್ಲಲ್ಲಿ ನಿಂತ್ಕೊಂಡು ಕಾಯಿರಿ ಅಂತ ಹೇಳೋಕಾಗುತ್ತಾ?"

ಅವನು ಅದನ್ನು ಆ ದಿಕ್ಕಿನಿಂದ ಯೋಚಿಸಿರಲಿಲ್ಲ. ಅವಳನ್ನೇ ನೋಡಿದ. ಆ ನೋಟ ತನ್ನ ಕೆನ್ನೆಯ ಮೇಲೆ ಇದೆಯೆಂದು ಗೊತ್ತಿದ್ದೂ ಅವಳು ತಲೆ ಎತ್ತದೆ ಅವನ ಕಿರುಬೆರಳನ್ನು ಹಿಡಿದೇ ಇದ್ದಳು. ಬಾಗಿಸಬೇಕಾದಷ್ಟು ಸಲ ಬಾಗಿಸಿ ಆಗಿತ್ತು.

ಮಂಡಿನೋವಿಗೆ ಬರುತ್ತಿದ್ದ ಅಶ್ವತ್ಥಮ್ಮ ಪಕ್ಕದ ಮಂಚದಿಂದ ಇದನ್ನೆಲ್ಲ ನೋಡುತ್ತಿದ್ದರು. "ಏಮಮ್ಮಾ, ನನ್ನ ಮಂಡಿಗೂ ಅಂಥದೊಂದು ಆಟ ಇದ್ರೆ ಕೊಡೇ," ಎಂದರು. ಮೂವರೂ ನಕ್ಕರು.

ವಾರಗಳು ಹೀಗೆ ಸಾಗಿದವು. ಅವಳಿಗೆ ಎರಡನೆಯದೂ ಇಷ್ಟ, ಸಾಕಿದ ಪ್ರಾಣಿ ಹಿಂದೆಯೇ ನಡೆದು ಬರುತ್ತದಲ್ಲ ಎಂದು. ಅದೇ ಕಾರಣಕ್ಕೆ ಅವನಿಗೆ ಎರಡನೆಯದು ಅಷ್ಟಕ್ಕಷ್ಟೆ. "ನಾಯಿಮರಿ ತರಾ ಹಿಂದೆ ಹಿಂದೆ ಬರೋದು ಏನು ಚೆಂದ?" ನಾಲ್ಕನೆಯದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ. ಅವನ ಕೈ ಅಲ್ಲಿಗೆ ತಲುಪಿದರೆ ಚಿಕಿತ್ಸೆ ಮುಗಿದ ಹಾಗೆ ಎಂದು ಇಬ್ಬರಿಗೂ ಗೊತ್ತಿತ್ತು.

ಇಪ್ಪತ್ತೊಂಬತ್ತರ ರಾಧಾಮಣಿಗೆ ಎರಡು ಸಂಬಂಧ ಬಂದು ಹೋಗಿದ್ದವು. ಒಂದು ಕಡೆಯವರು ಕ್ಲಿನಿಕ್ ಬಿಡಬೇಕು ಎಂದಿದ್ದರು, ಇನ್ನೊಂದು ಕಡೆಯವರು ಕಾರಣವನ್ನೇ ಹೇಳಿರಲಿಲ್ಲ. ತನ್ನ ಕೆಲಸವನ್ನು ಯಾರಾದರೂ ಇಷ್ಟು ಆಸಕ್ತಿಯಿಂದ ಕೇಳುತ್ತಾರೆ, ಅದರ ಬಗ್ಗೆ ಜಗಳವಾಡುತ್ತಾರೆ ಎಂಬುದು ಅವಳಿಗೆ ಹೊಸದು. ಆದರೆ ಅವನು ಪೇಷಂಟು. ಅವನ ಕೈ ಹಿಡಿಯುವುದು ಅವಳ ಉದ್ಯೋಗ. ಆ ಗೆರೆ ದಾಟಬಾರದೆಂದು ಅವನು ಬರುವ ಹನ್ನೊಂದು ಗಂಟೆಗೆ ಪ್ರತಿ ಸಲವೂ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಎಂಟನೆಯ ವಾರದಲ್ಲಿ ಕೈ ಸುಧಾರಿಸುವುದು ನಿಂತುಹೋಯಿತು.

ಅಂಗೈ ಮೇಲಕ್ಕೆ ತಿರುಗಿಸಿ ಎಂದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಅವಳೇ ಹಿಡಿದು ತಿರುಗಿಸಿದರೆ ಪೂರಾ ತಿರುಗುತ್ತಿತ್ತು. ಅವನಾಗಿಯೇ ತಿರುಗಿಸಲಾಗುತ್ತಿರಲಿಲ್ಲ. ಮೂರನೆಯ ಪಾರ್ಟಿನಲ್ಲಿ ಬಲೆ ಬೀಸಿದರೆ ಪ್ರತಿ ಸಲವೂ ಕಾಲಬುಡಕ್ಕೇ ಬೀಳುತ್ತಿತ್ತು. ಒಂದು ವಾರ ನೋಡಿದಳು. ಎರಡನೆಯ ವಾರ ವ್ಯಾಯಾಮ ಬದಲಿಸಿದಳು, ಪುಸ್ತಕ ತೆಗೆದು ಓದಿದಳು, ಮೂಳೆ ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದಳು. ಸ್ನಾಯು ಅಂಟಿಕೊಂಡಿರಬಹುದು, ಸ್ಕ್ಯಾನ್ ಮಾಡಿಸೋಣ, ಬೇಕಾದರೆ ಆಪರೇಷನ್, ಎಂದರು ಡಾಕ್ಟರು.

ಬುಧವಾರ ಅವಳು ಅದನ್ನು ಗಂಗಾಧರನಿಗೆ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

"ಮೇಡಂ, ಒಂದು ವಿಷ್ಯ..." ಎಂದು ಶುರುಮಾಡಿದ. ಆಗಲೇ ಹೊರಗಿನಿಂದ ಯಾರೋ ಕರೆದರು. ಅವಳು ಎದ್ದುಹೋದಳು. ವಾಪಸ್ಸು ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಶುಕ್ರವಾರ ಒಳಕೋಣೆಯಿಂದ ಬಿಸಿನೀರಿನ ಚೀಲ ಹಿಡಿದು ಬರುತ್ತಿದ್ದ ರಾಧಾಮಣಿ ಬಾಗಿಲಲ್ಲೇ ನಿಂತಳು. ಅಶ್ವತ್ಥಮ್ಮನ ಕಾಫಿ ಫ್ಲಾಸ್ಕಿನ ಮುಚ್ಚಳ ಬಿಗಿದುಕೊಂಡಿತ್ತು. ಗಂಗಾಧರ ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದೇ ಸುತ್ತಿಗೆ ತಿರುಗಿಸಿ ತೆಗೆದ. ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಅದನ್ನು ಬಲ ಅಂಗೈಯ ಮೇಲಿಟ್ಟು ಮುದುಕಿಯ ಮುಂದೆ ಹಿಡಿದ. ಅಂಗೈ ಪೂರಾ ಮೇಲಕ್ಕಿತ್ತು. ಒಂದು ಹನಿಯೂ ತುಳುಕಲಿಲ್ಲ.

ಅವಳು ಚೀಲವನ್ನು ಮೇಜಿನ ಮೇಲಿಟ್ಟಳು. ಅವನು ತಿರುಗಿ ನೋಡಿದ.

ಅಶ್ವತ್ಥಮ್ಮನ ಮಂಡಿಗೆ ಬಿಸಿ ಕೊಟ್ಟು ಕಳಿಸಿದಳು. ಆಮೇಲೆ ಕೋನ ಅಳೆಯುವ ಪಟ್ಟಿ ತೆಗೆದುಕೊಂಡು ಅವನ ಎದುರು ಕೂತಳು.

"ಕೈ ತಿರುಗಿಸಿ."

ಅವನು ತಿರುಗಿಸಿದ. ಪೂರ್ತಿ ತಿರುಗಿತು. ಅವಳು ಫೈಲಿನಲ್ಲಿ ಬರೆದುಕೊಂಡಳು.

"ಎಷ್ಟು ದಿನದಿಂದ?"

"ಹದಿನೈದು ದಿನ ಆಯ್ತು."

"ಯಾಕೆ?"

ಗಂಗಾಧರ ತಲೆ ತಗ್ಗಿಸಿದ. "ವಾಸಿಯಾದ್ರೆ ಇಲ್ಲಿಗೆ ಬರೋಕೆ ಕಾರಣ ಇರಲ್ಲ ಅಂತ. ಬುಧವಾರ ಹೇಳಬೇಕು ಅಂತಲೇ ಬಾಯಿ ತೆಗ್ದೆ. ಧೈರ್ಯ ಸಾಲ್ಲಿಲ್ಲ."

ಬೇರೆ ಯಾವ ಹೊತ್ತಿನಲ್ಲಾದರೂ ಆ ಮಾತು ಅವಳಿಗೆ ಎಷ್ಟು ಸಿಹಿಯಾಗಿರುತ್ತಿತ್ತೋ! ಈಗ ಅದು ಎದೆಗೆ ಚುಚ್ಚಿತು.

"ನಾನೇ ಜಾಸ್ತಿ ಒತ್ತಿ ನಿಮ್ಮ ಕೈ ಕೆಡಿಸಿದ್ನೇನೋ ಅಂದ್ಕೊಂಡಿದ್ದೆ. ಗೊತ್ತಾ ನಿಮಗೆ? ಹದಿನೈದು ದಿನ ಬೇರೆ ಯಾರ ಕೈ ಮುಟ್ಟೋಕೂ ಹೆದರ್ತಿದ್ದೆ. ಆಟ ಅಂದ್ಕೊಂಡ್ರಾ ಇದನ್ನ?"

"ಇಲ್ಲ. ತಪ್ಪಾಯ್ತು..."

"ನಿಮ್ಮ ಟ್ರೀಟ್‌ಮೆಂಟ್ ಮುಗೀತು. ಇನ್ನು ಬರೋದು ಬೇಡ."

ಅವನು ಎದ್ದ. ಬಾಗಿಲನ್ನು ನಿಧಾನವಾಗಿ ಮುಂದಕ್ಕೆಳೆದುಕೊಂಡು ಹೋದ. ಅವನ ಆಟಗಳು ಡ್ರಾಯರಿನಲ್ಲೇ ಉಳಿದವು.

ಮರುದಿನ ಒಂದು ಮೆಸೇಜ್ ಬಂತು. "ನೀವು ಪಟ್ಟ ಕಷ್ಟ ನನಗೆ ಗೊತ್ತಾಗಲಿಲ್ಲ, ಅದೇ ನನ್ನ ದೊಡ್ಡ ತಪ್ಪು. ನೀವಾಗಿ ಕರೆಯೋವರೆಗೂ ತೊಂದರೆ ಕೊಡೋದಿಲ್ಲ." ಅದಾದ ಮೇಲೆ ಅವನು ಏನೂ ಬರೆಯಲಿಲ್ಲ. ಕೊಟ್ಟ ಮಾತಿನಂತೆ ನಡೆದುಕೊಂಡ.

ಮೊದಲ ವಾರ ಅವಳಿಗೆ ಬರೀ ಸಿಟ್ಟು. ಎರಡನೆಯ ವಾರ, ಹಳೆಯ ಫೈಲುಗಳನ್ನು ಜೋಡಿಸುವಾಗ ಅವನ ಫೈಲು ಕೈಗೆ ಬಂತು. ಕೋನ ಏರದೆ ನಿಂತ ಆ ಮೊದಲ ಸೋಮವಾರದ ಪುಟ ತೆರೆದಾಗ, ಅಂದು ತನಗೆ ಏನನಿಸಿತ್ತು ಎಂಬುದು ನೆನಪಾಗಿ ಅವಳು ಫೈಲು ಹಿಡಿದೇ ಕುರ್ಚಿಯಲ್ಲಿ ಕೂತಳು. ಭಯವಾಗಿತ್ತು, ನಿಜ. ಆದರೆ ಭಯಕ್ಕಿಂತ ಒಂದು ಕ್ಷಣ ಮೊದಲು ಮತ್ತೇನೋ ಆಗಿತ್ತು. ಸದ್ಯ, ಇನ್ನೂ ಕೆಲವು ದಿನ ಬರುತ್ತಾನೆ, ಎಂದು ಮನಸ್ಸು ಹಗುರಾಗಿತ್ತು. ಪೇಷಂಟಿನ ಕೈ ವಾಸಿಯಾಗಲಿಲ್ಲವೆಂದು ಅವಳು ಹಿಗ್ಗಿದ್ದಳು!

ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಕನ್ಸೋಲ್ ತೆಗೆದಳು. ಅದುವರೆಗೆ ಆಟಗಳನ್ನು ಬೆರಳಿಗಾಗಿ ಹತ್ತು ನಿಮಿಷ ಆಡಿದ್ದಳೇ ಹೊರತು ಯಾವುದನ್ನೂ ಮುಗಿಸಿರಲಿಲ್ಲ. ಒಂದನೆಯದನ್ನು ಮೊದಲಿನಿಂದ ಶುರುಮಾಡಿದಳು. ಜೊಂಡಿನಲ್ಲಿ ನಿಂತಳು. ಎಲೆಕಿವಿಯ ಪ್ರಾಣಿ ಹತ್ತಿರ ಬಂದು, ಮೂಸಿ, ಹೊರಟುಹೋಯಿತು. ಐದನೆಯ ಮಧ್ಯಾಹ್ನ ಅದು ಅವಳ ಕಾಲಬಳಿ ಬಂದು ಮಲಗಿತು. ಅವಳಿಗೆ ಸಂತೋಷವಾಯಿತು, ಅವನ ಮಾತೇ ನಿಜವಾಯಿತಲ್ಲ ಎಂದು ಜೊತೆಗೇ ಸಿಟ್ಟೂ ಬಂತು. ಹೇಳಿ ಜಗಳವಾಡೋಣ ಎಂದರೆ ಎದುರಿಗೆ ಅವನಿರಲಿಲ್ಲ.

ಒಂದೂವರೆ ತಿಂಗಳು ಕಳೆದ ಮೇಲೆ, ಒಂದು ಶನಿವಾರ ಕ್ಲಿನಿಕ್ ಅರ್ಧ ದಿನಕ್ಕೆ ಮುಚ್ಚಿ, ಕನ್ನಡಕದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಅವಳು ಶಿಡ್ಲಘಟ್ಟದ ಬಸ್ಸು ಹತ್ತಿದಳು. ಕೊರಿಯರ್ ಮಾಡಿದ್ದರೂ ತಲುಪುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

ಫೈಲಿನಲ್ಲಿದ್ದ ವಿಳಾಸದಂತೆ, ರೇಷ್ಮೆಗೂಡಿನ ಮಾರ್ಕೆಟ್ ದಾಟಿ ಎರಡನೆಯ ತಿರುವಿನಲ್ಲಿ ಮನೆ. ಬೆಂದ ಗೂಡಿನ ಕಮಟು ವಾಸನೆ ಬೀದಿಗೇ ಬರುತ್ತಿತ್ತು. ಬಾಗಿಲಿಗೆ ಬಂದ ಅವನ ತಾಯಿ ಆದಿಲಕ್ಷ್ಮಮ್ಮ, "ಚಿಂತಾಮಣಿ ಡಾಕ್ಟ್ರಮ್ಮನಾ? ರಾಮ್ಮಾ, ರಾ. ಹಿಂದ್ಗಡೆ ಇದಾನೆ ನೋಡು," ಎಂದು ತೆಲುಗು ಬೆರೆಸಿ ಒಳಗೆ ಕರೆದು ದಾರಿ ತೋರಿಸಿದರು.

ಶೆಡ್ಡಿನ ತುಂಬ ಹಬೆ, ಯಂತ್ರಗಳ ಸದ್ದು. ಗಂಗಾಧರ ಬಿಸಿನೀರಿನ ಬೇಸಿನ್ ಮುಂದೆ ನಿಂತಿದ್ದ. ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೂ ಕಾಣದಂಥ ಒಂದು ಎಳೆ ಹಿಡಿದು, ಮಣಿಕಟ್ಟನ್ನು ಹೂವು ಕೀಳುವವನ ಹಾಗೆ ತಿರುಗಿಸಿ ಮೇಲಕ್ಕೆ ಕೊಟ್ಟ. ಎಳೆ ರಾಟೆಗೆ ಹತ್ತಿತು. ಇನ್ನೊಂದು, ಮತ್ತೊಂದು. ರಾಧಾಮಣಿ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ಚೆನ್ನಾಗಿ ವಾಸಿಯಾಗಿತ್ತು.

ಅವಳನ್ನು ಕಂಡದ್ದೇ ಅವನು ಯಂತ್ರ ನಿಲ್ಲಿಸಿದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೊರಗೆ ಬಂದ. ಅಂಗಳದಲ್ಲಿ ಹಳದಿ ಗೂಡುಗಳನ್ನು ತಟ್ಟೆಗಳಲ್ಲಿ ಹರವಿದ್ದರು. ಅವಳು ಡಬ್ಬಿ ಚಾಚಿದಳು. ಅವನು ತೆಗೆದುಕೊಂಡ.

"ಕೈ ಚೆನ್ನಾಗಿದೆ," ಎಂದಳು ಅವಳು.

"ನೀವು ಮಾಡಿದ್ದು."

"ಒಂದು ವಿಷ್ಯ ಹೇಳ್ಬೇಕು. ಹೇಳಿ ಮುಗಿಸೋವರೆಗೂ ಮಧ್ಯ ಮಾತಾಡಬೇಡಿ." ಅವಳು ಒಂದು ತಟ್ಟೆಯ ಅಂಚು ಹಿಡಿದುಕೊಂಡಳು. "ನಿಮ್ಮ ಕೈ ತಿರುಗ್ತಿಲ್ಲ ಅಂತ ಕಂಡ ದಿನ ನನಗೆ ಹೆದರಿಕೆ ಆಯ್ತು. ಅದಕ್ಕೂ ಮೊದ್ಲು ಒಂದು ನಿಮಿಷ ಖುಷಿಯಾಯ್ತು. ಇನ್ನೂ ಬರ್ತೀರಲ್ಲ ಅಂತ. ನೀವು ಸುಳ್ಳು ಹೇಳಿದ್ರಿ. ನಾನು ನನ್ನ ಕೆಲಸಕ್ಕೇ ಮೋಸ ಮಾಡ್ದೆ. ಆವತ್ತು ನಿಮ್ಮ ಮೇಲೆ ಕೂಗಾಡಿದ್ನಲ್ಲ, ಅದ್ರಲ್ಲಿ ಅರ್ಧ ಸಿಟ್ಟು ನನ್ನ ಮೇಲಿಂದು."

ಗಂಗಾಧರ ಅವಳು ಹೇಳಿದ ಹಾಗೆಯೇ ಸುಮ್ಮನಿದ್ದ.

"ಮುಗೀತು. ಈಗ ಮಾತಾಡಬಹುದು."

"ನಾನು ಏನು ಹೇಳ್ಲಿ? ನೀವು ಒಂದು ನಿಮಿಷ ಮನಸಲ್ಲಿ ಅಂದ್ಕೊಂಡಿದ್ದಕ್ಕೆ ಇಷ್ಟು ದೂರ ಬಂದು ಹೇಳಿದ್ರಿ. ನಾನು ಹದಿನೈದು ದಿನ ಮಾಡಿದ್ದನ್ನ ಒಂದು ಮೆಸೇಜಲ್ಲಿ ಮುಗಿಸ್ದೆ." ಅವನು ಡಬ್ಬಿಯನ್ನು ಪಕ್ಕದ ತಟ್ಟೆಯ ಮೇಲಿಟ್ಟ. "ಒಂದು ಮಾತು. ಆವತ್ತು ಹೇಳಿದ್ದು ಸುಳ್ಳಲ್ಲ. ನಿಮ್ಮನ್ನ ನೋಡೋಕೇ ಬರ್ತಿದ್ದೆ. ಈಗ ಕೈ ವಾಸಿಯಾಗಿದೆ, ಮನಸು ಮಾತ್ರ ಹಾಗೇ ಇದೆ."

ರಾಧಾಮಣಿ ತಟ್ಟೆಯಿಂದ ಒಂದು ಗೂಡು ತೆಗೆದು ಬೆರಳುಗಳ ನಡುವೆ ಉರುಳಿಸಿದಳು. ಅವನು ಆ ಬೆರಳುಗಳನ್ನೇ ನೋಡುತ್ತಿದ್ದ. ನೋಡುತ್ತಿದ್ದಾನೆಂದು ಅವಳಿಗೂ ಗೊತ್ತಿತ್ತು.

"ನಾಕೂ ಆಡಿ ಮುಗಿಸ್ದೆ," ಎಂದಳು.

"ಹೌದಾ! ಹೇಗನ್ನಿಸ್ತು?"

"ಒಂದನೇದು ನೀವು ಹೇಳಿದಷ್ಟೇ ಚೆನ್ನಾಗಿದೆ. ನಾಕನೇದ್ರಲ್ಲಿ ಯಾರೂ ದಾರಿ ಹೇಳಲ್ಲ, ಕಳೆದುಹೋಗಿ ಎರಡು ದಿನ ಒಂದೇ ಬೆಟ್ಟ ಸುತ್ತಿದೀನಿ. ಆದ್ರೂ ಮೂರನೇದೇ ನನಗೆ ಇಷ್ಟ."

"ಇಷ್ಟಾದ್ಮೇಲೂ?"

"ಇಷ್ಟಾದ್ಮೇಲೂ. ಅದಕ್ಕೆ ಹಾಕಿರೋ ಎರಡು ಸ್ಟಾರ್ ತೆಗೆಯಲ್ಲ."

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. ಅವನ ಕೈ ಅರ್ಧ ಮುಂದೆ ಬಂದು ಅಲ್ಲೇ ನಿಂತಿತು. ಅವಳೇ ಅದನ್ನು ಹಿಡಿದುಕೊಂಡಳು. ಬಿಸಿನೀರಿನಲ್ಲಿ ನೆನೆದು ಮೆತ್ತಗಾಗಿದ್ದ ಬೆರಳುಗಳು. ಇಷ್ಟು ದಿನ ಎಷ್ಟೋ ಸಲ ಹಿಡಿದ ಕೈ, ಆದರೂ ಇದೇ ಮೊದಲ ಸಲ ಹಿಡಿದಂತಿತ್ತು.

"ಮೇಡಂ..."

"ಇಲ್ಲಿ ಯಾರು ಮೇಡಂ?"

"ರಾಧಾಮಣಿ," ಎಂದ ಅವನು.

ಅವಳು ಕೈ ಬಿಡದೆಯೇ, ಇನ್ನೊಂದು ಕೈಯಲ್ಲಿ ಬ್ಯಾಗಿನಿಂದ ಫೋನ್ ತೆಗೆದು ತಂದೆ ಜಯರಾಮಪ್ಪನವರಿಗೆ ಕರೆ ಮಾಡಿದಳು. ಗಂಗಾಧರ ಗಾಬರಿಯಿಂದ ನೋಡಿದ. ತಡೆಯಲಿಲ್ಲ.

"ಅಪ್ಪ, ನಾಳೆ ಊಟಕ್ಕೆ ಒಬ್ರನ್ನ ಕರೀತಿದೀನಿ."

"ಯಾರಮ್ಮ?" ಎಂದರು ಅವರು.

"ಶಿಡ್ಲಘಟ್ಟದವರು. ಮೊದ್ಲು ನನ್ನ ಪೇಷಂಟ್ ಆಗಿದ್ರು. ಈಗ ಅಲ್ಲ."

"ಹಾಗಾದ್ರೆ ಈಗ ಏನಮ್ಮ ಅವರು ನಿನಗೆ?"

ರಾಧಾಮಣಿ ಗಂಗಾಧರನ ಮುಖ ನೋಡಿದಳು. ಅವನೂ ಅದೇ ಉತ್ತರಕ್ಕೆ ಕಾಯುತ್ತಿದ್ದ.

"ಅದನ್ನ ಹೇಳೋಕೇ ಕರ್ಕೊಂಡ್ ಬರ್ತಿದೀನಿ ಅಪ್ಪ," ಎಂದಳು. "ಅಮ್ಮನಿಗೆ ಹೇಳು, ನಾವಿಬ್ರೂ ಹನ್ನೆರಡಕ್ಕೆಲ್ಲ ಬರ್ತೀವಿ."